ರೇಸ್ ಬಿಟ್ಟ ಹೆಣ್ಣು ಕುದುರೆಗೆ ಬೀಜದ ಕುದುರೆ ಆರಿಸುವುದು: ಹುಬ್ಬಳ್ಳಿ-ಧಾರವಾಡ ಕಡೆಯ ಮಾಲೀಕರು ಪದೇ ಪದೇ ಕೇಳುವ ಪ್ರಶ್ನೆಗಳು

ಹುಬ್ಬಳ್ಳಿ, ಧಾರವಾಡ, ಗದಗ, ಹಾವೇರಿ ಭಾಗದಲ್ಲಿ ಥರೋಬ್ರೆಡ್ ಎಂಬ ರೇಸ್ ತಳಿಯ ಕುದುರೆ ಸಾಕುವವರು ಬೆರಳೆಣಿಕೆಯಷ್ಟು ಜನ. ಬೆಂಗಳೂರಿನಲ್ಲೋ ಪುಣೆಯಲ್ಲೋ ಓಡಿ ಮುಗಿಸಿದ ಒಂದು ಹೆಣ್ಣು ಕುದುರೆಯನ್ನು ಕೈಗೆಟಕುವ ಬೆಲೆಗೆ ತಂದು, ಅದರ ಹೊಟ್ಟೆಯಲ್ಲಿ ಒಂದು ಒಳ್ಳೆಯ ಮರಿ ಹುಟ್ಟಲಿ ಎಂದು ಕಾಯುವವರೇ ಇವರಲ್ಲಿ ಹೆಚ್ಚು. ಧಾರವಾಡದ ಹತ್ತಿರ ಎರಡು ಹೆಣ್ಣು ಕುದುರೆ ಕಟ್ಟಿಕೊಂಡಿರುವ ನನ್ನ ಬಳಿ ಬಂದು ಅವರು ಕೇಳುವ ಪ್ರಶ್ನೆಗಳನ್ನೂ, ನಾನು ಕೊಡುವ ಉತ್ತರಗಳನ್ನೂ ಇಲ್ಲಿ ಬರೆದಿದ್ದೇನೆ. ಹೋರಿ ನೋಡಿ ಆರಿಸುವ ಕಣ್ಣು ನಮ್ಮ ಕಡೆಯ ರೈತರಿಗೆ ಹುಟ್ಟಿನಿಂದಲೇ ಇರುತ್ತದೆ. ಆ ಕಣ್ಣು ಇಲ್ಲಿಯೂ ಬೇಕು, ಆದರೆ ಅದರ ಜೊತೆಗೆ ಪೆನ್ನು ಮತ್ತು ವಹಿಯೂ ಬೇಕಾಗುತ್ತದೆ.

ಮೊದಲು ಬೀಜದ ಕುದುರೆಗಳ ಪಟ್ಟಿ ತರಿಸಿಕೊಳ್ಳಬೇಕೆ?

ಬೇಡ. ಮೊದಲು ನಿಮ್ಮ ಹೆಣ್ಣು ಕುದುರೆಯ ಬಗ್ಗೆ ಒಂದು ಪುಟ ಬರೆಯಿರಿ. ಅದು ಎಷ್ಟು ರೇಸ್ ಓಡಿತು, ಯಾವ ದೂರದಲ್ಲಿ ಗೆದ್ದಿತು, ಯಾವ ದರ್ಜೆಯಲ್ಲಿ ಸೋತಿತು, ಏಕೆ ಓಟ ನಿಲ್ಲಿಸಿತು, ಕಾಲು ಕೆಟ್ಟಿತೋ, ಉಸಿರು ಕೆಟ್ಟಿತೋ, ಮನಸ್ಸು ಕೆಟ್ಟಿತೋ ಎಂಬುದೆಲ್ಲ ಆ ಪುಟದಲ್ಲಿರಲಿ. ಅದರ ತಾಯಿಯ ಮರಿಗಳು ಏನು ಮಾಡಿದವು, ಅಜ್ಜಿಯ ಮರಿಗಳಲ್ಲಿ ಗ್ರೇಡೆಡ್, ಅಂದರೆ ಮೇಲಿನ ದರ್ಜೆಯ ರೇಸ್ ಗೆದ್ದವು ಇವೆಯೇ ಎಂಬುದನ್ನೂ ಸೇರಿಸಿ. ಬೀಜದ ಕುದುರೆಗೆ ಒಂದು ಹಂಗಾಮಿನಲ್ಲಿ ಹತ್ತಾರು ಮರಿಗಳಾಗುತ್ತವೆ, ಆದ್ದರಿಂದ ಅದರ ಬಗ್ಗೆ ಮಾಹಿತಿ ಹುಡುಕುವುದು ಸುಲಭ. ಹೆಣ್ಣು ಕುದುರೆಗೆ ವರ್ಷಕ್ಕೆ ಒಂದೇ ಮರಿ, ಹೀಗಾಗಿ ಅದರ ಕೊರತೆಗಳನ್ನು ಮಾಲೀಕನೇ ಪ್ರಾಮಾಣಿಕವಾಗಿ ಬರೆದಿಟ್ಟುಕೊಳ್ಳಬೇಕು. ಆ ಪುಟ ಮುಗಿದಾಗ ನಿಮಗೆ ಬೇಕಾದ ಗಂಡು ಎಂಥದ್ದು ಎಂಬುದರ ಅರ್ಧ ಉತ್ತರ ಸಿಕ್ಕಿರುತ್ತದೆ.

ಬರೆದ ಮೇಲೆ ಮರಿ ಹಾಕಿಸುವುದೇ ಬೇಡ ಎಂದು ಅನ್ನಿಸಿದರೆ ಅದೂ ಒಳ್ಳೆಯ ತೀರ್ಮಾನವೇ. ಒಂದೂ ರೇಸ್ ಗೆಲ್ಲದ, ಹತ್ತಿರದ ಸಂಬಂಧದಲ್ಲಿ ಗೆದ್ದ ಕುದುರೆಯೇ ಇಲ್ಲದ, ಎರಡೂ ಮುಂಗಾಲು ಸೊಟ್ಟ ಇರುವ ಹೆಣ್ಣು ಕುದುರೆಯನ್ನು ಎಷ್ಟೇ ದೊಡ್ಡ ಗಂಡಿಗೆ ಕೂಡಿಸಿದರೂ ಹಣ ವಾಪಸು ಬರುವ ದಾರಿ ಕಡಿಮೆ.

ಸ್ಟಡ್ ಫೀಗೆ ಎಷ್ಟು ಹಣ ಇಡಬೇಕು?

ಎಲ್ಲರೂ ಮೊದಲು ಸ್ಟಡ್ ಫೀ, ಅಂದರೆ ಗಂಡಿಗೆ ಕೂಡಿಸಲು ಅದರ ಒಡೆಯರಿಗೆ ಕೊಡುವ ಹಣ, ಗೊತ್ತುಮಾಡಿ, ಉಳಿದ ಖರ್ಚನ್ನು ಆಮೇಲೆ ನೋಡಿಕೊಳ್ಳುತ್ತಾರೆ. ಲೆಕ್ಕ ಇದಕ್ಕೆ ತಿರುಗಿ ನಡೆಯಬೇಕು. ಮಾರ್ಚ್‌ನಲ್ಲಿ ಕೂಡಿಸಿದ ಕುದುರೆ ಮುಂದಿನ ಫೆಬ್ರವರಿಯಲ್ಲಿ ಈಯುತ್ತದೆ, ಮರಿ ಎರಡು ವರ್ಷದ್ದಾಗಿ ಮಾರಾಟಕ್ಕೆ ಬರುವ ಹೊತ್ತಿಗೆ ಸುಮಾರು 35 ತಿಂಗಳು ಕಳೆದಿರುತ್ತವೆ. ಅಷ್ಟೂ ತಿಂಗಳ ಖರ್ಚು ಕಳೆದು ಉಳಿದದ್ದೇ ಸ್ಟಡ್ ಫೀ.

ಉದಾಹರಣೆಗೆ ನಿಮ್ಮ ಕೈಯಲ್ಲಿ ಒಟ್ಟು 10 ಲಕ್ಷ ರೂಪಾಯಿ ಇದೆ ಎಂದುಕೊಳ್ಳೋಣ. ಇಲ್ಲಿರುವ ದರಗಳು ಲೆಕ್ಕ ತೋರಿಸಲು ಹಿಡಿದವು, ನಿಮ್ಮ ದರ ಬೇರೆ ಇರಬಹುದು. ಬೀಜದ ಕುದುರೆ ಇರುವ ಸ್ಟಡ್ ಫಾರ್ಮಿನಲ್ಲಿ 90 ದಿನ, ದಿನಕ್ಕೆ 800ರಂತೆ 72,000. ಗಬ್ಬದ ಉಳಿದ ಕಾಲ ಮತ್ತು ಮರಿ ಹಾಲು ಬಿಡುವವರೆಗೆ ಮನೆಯಲ್ಲಿ 420 ದಿನ, ದಿನಕ್ಕೆ 400ರಂತೆ 1,68,000. ಹಾಲು ಬಿಟ್ಟ ಮೇಲೆ ಮರಿಗೆ 540 ದಿನ, ದಿನಕ್ಕೆ 350ರಂತೆ 1,89,000. ಹೋಗಿ ಬರುವ ಲಾರಿಗೆ 80,000. ಡಾಕ್ಟರು, ಸ್ಕ್ಯಾನಿಂಗ್, ಲಸಿಕೆ, ಗೊರಸು ಕತ್ತರಿಸುವವನು ಎಲ್ಲ ಸೇರಿ 1,20,000. ನೋಂದಣಿ ಮತ್ತು ಇತರ ಕಾಗದಪತ್ರಕ್ಕೆ 50,000. ಕೂಡಿಸಿದರೆ 6,79,000 ಆಗುತ್ತದೆ. ಉಳಿದ 3,21,000ದಲ್ಲಿ ಒಂದು ಲಕ್ಷವನ್ನು ಹೊಟ್ಟೆಶೂಲೆಯಂಥ ತುರ್ತಿಗೆ ಮುಟ್ಟದೆ ಇಡಬೇಕು. ಅಂದರೆ 10 ಲಕ್ಷ ಇರುವವನ ನಿಜವಾದ ಸ್ಟಡ್ ಫೀ ಎರಡು ಲಕ್ಷದ ಆಸುಪಾಸು. ಐದು ಲಕ್ಷದ ಗಂಡಿನ ಹೆಸರು ಕೇಳಿ ಬಾಯಲ್ಲಿ ನೀರೂರುವವರು ಈ ವಹಿಯನ್ನು ಒಮ್ಮೆ ತಾವೇ ಬರೆದು ನೋಡಬೇಕು.

ಈ ಲೆಕ್ಕದಲ್ಲಿ ಹೆಣ್ಣು ಕುದುರೆಯ ಬೆಲೆ ಸೇರಿಲ್ಲ. ಒಂದು ವರ್ಷ ಗಬ್ಬ ನಿಲ್ಲದೆ ಬರಿದಾಗಿ ಹೋದರೆ ಆಗುವ ಖರ್ಚೂ ಸೇರಿಲ್ಲ. ಇದರ ಮೇಲೆ ಮಾರುಕಟ್ಟೆಯ ಗಾಳಿಯನ್ನೂ ನೋಡಬೇಕು. ರೇಸ್ ಬೆಟ್ಟಿಂಗ್‌ನ ಪೂರ್ತಿ ಮೊತ್ತದ ಮೇಲೆ 2023ರ ಅಕ್ಟೋಬರ್ 1ರಿಂದ ಶೇ 28ರಷ್ಟು ಜಿಎಸ್‌ಟಿ ಬಂತು, 2025ರ ಸೆಪ್ಟೆಂಬರ್ 22ರಿಂದ ಅದು ಶೇ 40 ಆಯಿತು. ರೇಸ್ ಕ್ಲಬ್ಬಿನ ಆದಾಯ ಕುಗ್ಗಿದರೆ ಬಹುಮಾನದ ಮೊತ್ತ ಕುಗ್ಗುತ್ತದೆ, ಬಹುಮಾನ ಕುಗ್ಗಿದರೆ ಮರಿ ಕೊಳ್ಳುವವನ ಕೈ ಬಿಗಿಯಾಗುತ್ತದೆ. ಆದ್ದರಿಂದ ಮಾರಾಟದ ಬೆಲೆಯನ್ನು ಊಹಿಸುವಾಗ ಐದಾರು ವರ್ಷ ಹಿಂದಿನ ಹರಾಜಿನ ಕಥೆಗಳನ್ನು ನಂಬಿ ಕೂಡಬಾರದು.

ಸ್ಟಡ್ ಫೀಯ ಕರಾರಿನಲ್ಲಿ ಏನು ಓದಬೇಕು?

ಹಣ ಯಾವಾಗ ಕೊಡಬೇಕು, ಮರಿ ಬದುಕದಿದ್ದರೆ ಏನು ಎಂಬ ಎರಡನ್ನು ಓದಬೇಕು. ಕೂಡಿಸಿದ ಕೂಡಲೇ ಪೂರ್ತಿ ಹಣ ಕೊಡುವ ಕರಾರಿನಲ್ಲಿ ನಷ್ಟದ ಭಾರವೆಲ್ಲ ನಿಮ್ಮ ಮೇಲೆ ಬೀಳುತ್ತದೆ. ಜೀವಂತ ಮರಿಯ ಕರಾರಿನಲ್ಲಿ, ಮರಿ ಹುಟ್ಟಿ ಎದ್ದು ನಿಂತು ಹಾಲು ಕುಡಿದ ಮೇಲೆಯೇ ಫೀ ಕೊಡಬೇಕಾಗುತ್ತದೆ ಅಥವಾ ಕೊಟ್ಟ ಹಣ ಪಕ್ಕಾ ಆಗುತ್ತದೆ. ಇವೆರಡರ ನಡುವೆ, ಮರಿಯಾಗದಿದ್ದರೆ ಮುಂದಿನ ಹಂಗಾಮಿನಲ್ಲಿ ಅದೇ ಗಂಡಿಗೆ ಉಚಿತವಾಗಿ ಕೂಡಿಸುವ ಕರಾರೂ ಉಂಟು. ಇದರಲ್ಲಿ ಒಂದು ಸೂಕ್ಷ್ಮವಿದೆ: ಆ ಗಂಡು ಅಷ್ಟರಲ್ಲಿ ಸತ್ತರೆ ಅಥವಾ ಮಾರಾಟವಾದರೆ ಏನು, ನಿಮ್ಮ ಹೆಣ್ಣು ಕುದುರೆಯೇ ಸತ್ತರೆ ಬೇರೊಂದನ್ನು ಕಳುಹಿಸಬಹುದೇ ಎಂಬುದು ಬರೆದಿರಬೇಕು. ಬಾಯಿ ಮಾತಿನಲ್ಲಿ ಎಲ್ಲರೂ ಆಗಲಿ ಅನ್ನುತ್ತಾರೆ. ವಯಸ್ಸಾದ ಅಥವಾ ಹಿಂದೆ ಗಬ್ಬ ಕಳಚಿದ ಕುದುರೆ ಇದ್ದರೆ, ಫೀ ಸ್ವಲ್ಪ ಹೆಚ್ಚಾದರೂ ಜೀವಂತ ಮರಿಯ ಕರಾರೇ ಅಗ್ಗ ಎಂಬುದು ನನ್ನ ಲೆಕ್ಕ.

ಹೆಸರಾದ ದುಬಾರಿ ಗಂಡು, ಹೊಸ ಗಂಡು, ಹಳೆಯ ಗಂಡು, ಇವುಗಳಲ್ಲಿ ಯಾವುದು ಲೇಸು?

ಬಜೆಟ್ ಸಣ್ಣದಿದ್ದಾಗ ಮೊದಲನೆಯದು ತಾನಾಗಿಯೇ ಬಿಟ್ಟುಹೋಗುತ್ತದೆ. ಉಳಿದ ಎರಡರ ನಡುವೆ ಯೋಚಿಸಬೇಕು.

ಹೊಸದಾಗಿ ಸ್ಟಡ್ ಫಾರ್ಮಿಗೆ ಬಂದ ಕುದುರೆಗೆ ಮೊದಲ ವರ್ಷ ಬಹಳ ಬೇಡಿಕೆ ಇರುತ್ತದೆ. 2026ರಲ್ಲಿ ಅದು ಕೆಲಸ ಶುರು ಮಾಡಿದರೆ ಮೊದಲ ಮರಿಗಳು 2027ರಲ್ಲಿ ಹುಟ್ಟುತ್ತವೆ. ಅವು ಓಟದ ಕಣಕ್ಕೆ ಇಳಿಯುವುದು ಬೇಗ ಎಂದರೆ 2029ರ ಕೊನೆಗೆ, ಬಹುಪಾಲು 2030ರಲ್ಲಿ. ನಡುವಿನ 2028 ಮತ್ತು 2029ರ ಹಂಗಾಮುಗಳಲ್ಲಿ ಹೊಸತನದ ಹುರುಪು ಇಳಿದಿರುತ್ತದೆ, ಫಲಿತಾಂಶ ಇನ್ನೂ ಬಂದಿರುವುದಿಲ್ಲ, ಆದ್ದರಿಂದ ಫೀ ಬಗ್ಗಿರುತ್ತದೆ. ಆಗ ಕೂಡಿಸಿದರೆ ನಿಮ್ಮ ಮರಿ ಮಾರಾಟಕ್ಕೆ ಬರುವ ಹೊತ್ತಿಗೆ ಅಪ್ಪನ ಮೊದಲ ಮರಿಗಳ ಹಣೆಬರಹ ಎಲ್ಲರಿಗೂ ಗೊತ್ತಾಗಿರುತ್ತದೆ. ಅವು ಗೆದ್ದಿದ್ದರೆ ನಿಮಗೆ ಲಾಟರಿ, ಸೋತಿದ್ದರೆ ನಿಮ್ಮ ಮರಿಯನ್ನು ಬಿಚ್ಚಿ ನೋಡುವವರೂ ಇರುವುದಿಲ್ಲ. ಒಂದೇ ಕುದುರೆ ಇರುವವನು ಇಂಥ ಪಂದ್ಯ ಕಟ್ಟುವುದು ನನಗೆ ಸರಿ ಕಾಣುವುದಿಲ್ಲ, ಐದಾರು ಕುದುರೆ ಇದ್ದವನು ಒಂದನ್ನು ಹಾಗೆ ಕಳುಹಿಸಬಹುದು.

ಹದಿನೈದು ಹದಿನಾರು ವರ್ಷದ, ಫ್ಯಾಷನ್ ಮುಗಿದ, ಆದರೆ ವರ್ಷ ವರ್ಷವೂ ಗೆಲ್ಲುವ ಮರಿಗಳನ್ನು ಕೊಡುತ್ತಲೇ ಬಂದಿರುವ ಗಂಡಿನ ಕಡೆಗೆ ನನ್ನ ಒಲವು. ಅದರ ಮರಿಗಳು ಹರಾಜಿನಲ್ಲಿ ಚಪ್ಪಾಳೆ ಗಿಟ್ಟಿಸುವುದಿಲ್ಲ, ಆದರೆ ಕೊಳ್ಳುವ ಟ್ರೇನರಿಗೆ ಅವುಗಳ ಸ್ವಭಾವ ಗೊತ್ತಿರುತ್ತದೆ. ಅಂಥ ಗಂಡಿನ ವಿಷಯದಲ್ಲಿ ಕೇಳಲೇಬೇಕಾದ ಒಂದು ಪ್ರಶ್ನೆ ಎಂದರೆ, ಕಳೆದ ಎರಡು ಹಂಗಾಮುಗಳಲ್ಲಿ ಕೂಡಿಸಿದ ಹೆಣ್ಣು ಕುದುರೆಗಳಲ್ಲಿ ಎಷ್ಟು ಗಬ್ಬ ನಿಂತವು ಎಂಬುದು. ವಯಸ್ಸಿನೊಂದಿಗೆ ಬೀಜದ ಬಲ ಕುಗ್ಗುತ್ತದೆ. ಪ್ರಾಮಾಣಿಕ ಸ್ಟಡ್ ಫಾರ್ಮಿನವರು ಅಂಕಿ ಹೇಳುತ್ತಾರೆ, ಹೇಳದಿದ್ದರೆ ಅದನ್ನೇ ಉತ್ತರವೆಂದು ತಿಳಿಯಿರಿ.

ಗಂಡಿನ ಸಾಧನೆಯ ಅಂಕಿಗಳನ್ನು ಹೇಗೆ ಓದಬೇಕು?

ಒಟ್ಟು ಗಳಿಕೆಯನ್ನು ನೋಡಿ ಮೋಸ ಹೋಗುವವರೇ ಹೆಚ್ಚು. ಒಂದು ಗಂಡಿನ 40 ಮರಿಗಳು ಓಡಿ ಒಂದು ಕೋಟಿ ಗಳಿಸಿವೆ ಎಂದರೆ ತಲಾ ಎರಡೂವರೆ ಲಕ್ಷ ಎಂದು ಕಾಣುತ್ತದೆ. ಅದರಲ್ಲಿ 60 ಲಕ್ಷವನ್ನು ಒಂದೇ ಕುದುರೆ ಗಳಿಸಿದ್ದರೆ, ಉಳಿದ 39ರ ಪಾಲಿಗೆ ಬರುವುದು ತಲಾ ಒಂದು ಲಕ್ಷಕ್ಕೆ ಸ್ವಲ್ಪ ಮೇಲೆ ಮಾತ್ರ. ನಿಮಗೆ ಹುಟ್ಟುವ ಮರಿ ಆ ಒಂದಾಗುವ ಸಂಭವಕ್ಕಿಂತ ಉಳಿದ 39ರಲ್ಲಿ ಒಂದಾಗುವ ಸಂಭವವೇ ಹೆಚ್ಚು. ಆದ್ದರಿಂದ ಅತಿ ಹೆಚ್ಚು ಗಳಿಸಿದ್ದನ್ನು ಬೆರಳಿನಿಂದ ಮುಚ್ಚಿ ಉಳಿದ ಪಟ್ಟಿಯನ್ನು ಓದಬೇಕು. ಹುಟ್ಟಿದವುಗಳಲ್ಲಿ ಎಷ್ಟು ಓಡಿದವು, ಓಡಿದವುಗಳಲ್ಲಿ ಎಷ್ಟು ಕನಿಷ್ಠ ಒಂದು ರೇಸ್ ಗೆದ್ದವು, ಎಷ್ಟು ನಾಲ್ಕೈದು ವರ್ಷದವರೆಗೆ ಗಟ್ಟಿಯಾಗಿ ಓಡುತ್ತ ಉಳಿದವು ಎಂಬ ಮೂರು ಅಂಕಿಗಳು ಸಾಕು.

ಗಂಡಿನ ಮರಿಗಳ ಸರಾಸರಿ ಗಳಿಕೆಯನ್ನು ಎಲ್ಲ ಕುದುರೆಗಳ ಸರಾಸರಿಯೊಂದಿಗೆ ಹೋಲಿಸುವ ಸೂಚ್ಯಂಕ ಹೊರದೇಶಗಳಲ್ಲಿ ಬಳಕೆಯಲ್ಲಿದೆ, ಅದರಲ್ಲಿ 1 ಎಂದರೆ ಸಾಧಾರಣ. ಅದರ ಪಕ್ಕದಲ್ಲಿ ಇನ್ನೊಂದು ಅಂಕಿ ಇರುತ್ತದೆ: ಅದೇ ಹೆಣ್ಣು ಕುದುರೆಗಳು ಬೇರೆ ಗಂಡುಗಳಿಗೆ ಹಾಕಿದ ಮರಿಗಳು ಹೇಗೆ ಓಡಿದವು ಎಂಬುದರ ಸೂಚ್ಯಂಕ. ಮೊದಲನೆಯದು ಎರಡನೆಯದಕ್ಕಿಂತ ಹೆಚ್ಚಿದ್ದರೆ ಮಾತ್ರ ಗಂಡು ತನ್ನ ಕಡೆಯಿಂದ ಏನಾದರೂ ಕೊಟ್ಟಿದೆ ಎಂದರ್ಥ. ದೊಡ್ಡ ಫಾರ್ಮಿನ ಗಂಡಿಗೆ ಆ ಫಾರ್ಮಿನ ಅತ್ಯುತ್ತಮ ಹೆಣ್ಣು ಕುದುರೆಗಳೇ ಹೋಗುತ್ತವೆ, ಆ ಮರಿಗಳ ಕೀರ್ತಿ ಅಪ್ಪನ ಲೆಕ್ಕಕ್ಕೆ ಜಮೆಯಾಗುತ್ತದೆ. ಸಾಧಾರಣ ಹೆಣ್ಣು ಕುದುರೆಗಳಿಂದ ಗೆಲ್ಲುವ ಮರಿ ಕೊಟ್ಟ ಗಂಡನ್ನು ನಮ್ಮಂಥವರು ಹುಡುಕಬೇಕು, ಏಕೆಂದರೆ ನಮ್ಮಲ್ಲಿ ಇರುವುದು ಸಾಧಾರಣ ಹೆಣ್ಣು ಕುದುರೆಯೇ.

ವಂಶಾವಳಿಯಲ್ಲಿ ಒಂದೇ ಹೆಸರು ಎರಡೂ ಕಡೆ ಬಂದರೆ ತಪ್ಪೆ?

ಬರದೇ ಇರುವುದೇ ಕಷ್ಟ. ಜಗತ್ತಿನ ಎಲ್ಲ ಥರೋಬ್ರೆಡ್‌ಗಳ ಗಂಡು ಸಾಲು ಡಾರ್ಲಿ ಅರೇಬಿಯನ್, ಗಡಾಲ್ಫಿನ್ ಅರೇಬಿಯನ್, ಬಯರ್ಲಿ ಟರ್ಕ್ ಎಂಬ ಮೂರು ಕುದುರೆಗಳಿಗೆ ಹೋಗಿ ಮುಟ್ಟುತ್ತದೆ, ಇಂಗ್ಲೆಂಡಿನಲ್ಲಿ 1791ರಲ್ಲಿ ಮೊದಲು ಅಚ್ಚಾದ ಸ್ಟಡ್ ಬುಕ್ಕಿನಿಂದ, ಅಂದರೆ ತಳಿಯ ವಂಶ ದಾಖಲೆಯ ಪುಸ್ತಕದಿಂದ, ಹೊರಗಿನ ರಕ್ತ ಸೇರದಂತೆ ಹಾಕಿದ ಈ ಬೇಲಿ ಗಟ್ಟಿಯಾಗುತ್ತ ಬಂತು. ಭಾರತದಲ್ಲಿ ಹಲವು ಬಾರಿ ಅಗ್ರ ಬೀಜದ ಕುದುರೆಯಾಗಿದ್ದ ಉಷಾ ಸ್ಟಡ್‌ನ ರಜೀನ್, ಹೆಸರಾಂತ ಬೀಜದ ಕುದುರೆ ನಾರ್ದರ್ನ್ ಡಾನ್ಸರ್‌ನ ಮಗ. ಇವತ್ತು ಹೊರಗಿನಿಂದ ಬರುವ ಗಂಡುಗಳಲ್ಲಿಯೂ ನಾರ್ದರ್ನ್ ಡಾನ್ಸರ್ ರಕ್ತ ಎಲ್ಲೋ ಒಂದು ಕಡೆ ಸಿಕ್ಕೇ ಸಿಗುತ್ತದೆ. ಪ್ರಶ್ನೆ ಇರುವುದು ಎಷ್ಟು ಹತ್ತಿರ ಎಂಬುದರಲ್ಲಿ.

ಒಬ್ಬನೇ ಪೂರ್ವಜ ಒಂದು ಕಡೆ ಮೂರನೆಯ ತಲೆಮಾರಿನಲ್ಲೂ ಇನ್ನೊಂದು ಕಡೆ ನಾಲ್ಕನೆಯದರಲ್ಲೂ ಇದ್ದರೆ ಒಳತಳಿಯ, ಅಂದರೆ ರಕ್ತಸಂಬಂಧದೊಳಗೇ ಕೂಡಿಸುವುದರ, ಪ್ರಮಾಣ ಶೇ 1.6ರಷ್ಟು. ಎರಡೂ ಕಡೆ ಮೂರನೆಯ ತಲೆಮಾರಾದರೆ ಶೇ 3ಕ್ಕೆ ಸ್ವಲ್ಪ ಮೇಲೆ. ಎರಡೂ ಕಡೆ ಎರಡನೆಯ ತಲೆಮಾರಿನಲ್ಲೇ, ಅಂದರೆ ಅಜ್ಜನ ಸ್ಥಾನದಲ್ಲೇ, ಒಬ್ಬನೇ ಇದ್ದರೆ ಶೇ 12.5. ನಾನು ಮೂರು-ನಾಲ್ಕರವರೆಗೆ ಹೋಗುತ್ತೇನೆ, ಅದಕ್ಕಿಂತ ಹತ್ತಿರ ಹೋಗುವುದಿಲ್ಲ. ಎರಡು ವಂಶ ಕೂಡಿದರೆ ಗೆಲ್ಲುವ ಮರಿ ಹುಟ್ಟುತ್ತದೆ ಎಂದು ಹೇಳುವ ಜೋಡಿ ಲೆಕ್ಕಗಳನ್ನು ತೋರಿಸಿ ಆಸೆ ಹುಟ್ಟಿಸುವವರಿದ್ದಾರೆ. ಆ ಜೋಡಿಯಿಂದ ಹುಟ್ಟಿ ಗೆದ್ದ ನಾಲ್ಕನ್ನು ಅವರು ಹೇಳುತ್ತಾರೆ, ಅದೇ ಜೋಡಿಯಿಂದ ಹುಟ್ಟಿ ಸೋತವು ಎಷ್ಟು ಎಂದು ನೀವು ಕೇಳಬೇಕು.

ನನ್ನ ಕುದುರೆ 1,200 ಮೀಟರಿನದು. ಉದ್ದ ಓಟದ ಗಂಡಿಗೆ ಕೂಡಿಸಿದರೆ ಮರಿ ಡರ್ಬಿ ಓಡುತ್ತದೆಯೆ?

ಆಸೆ ದೊಡ್ಡದು. 1943ರಲ್ಲಿ ಶುರುವಾದ ಇಂಡಿಯನ್ ಡರ್ಬಿಯ ದೂರ 2,400 ಮೀಟರ್, ಅದರ ಮೊದಲ ವಿಜೇತೆ ಪ್ರಿನ್ಸೆಸ್ ಬ್ಯೂಟಿಫುಲ್ ಎಂಬ ಹೆಣ್ಣು ಕುದುರೆ. ಆದರೆ ನಮ್ಮ ಕ್ಲಬ್ಬುಗಳಲ್ಲಿ ದಿನನಿತ್ಯದ ರೇಸುಗಳು ಹೆಚ್ಚಾಗಿ 1,000ರಿಂದ 1,600 ಮೀಟರಿನವು, ಸಣ್ಣ ಬಜೆಟ್ಟಿನ ಮರಿ ಅನ್ನ ಗಳಿಸಬೇಕಾದದ್ದು ಅಲ್ಲಿಯೇ. ಮಯೋಸ್ಟಾಟಿನ್ ಎಂಬ ಜೀನಿನ ಒಂದು ವ್ಯತ್ಯಾಸ ಕುದುರೆಗೆ ಒಗ್ಗುವ ದೂರವನ್ನು ಬಹುಮಟ್ಟಿಗೆ ಸೂಚಿಸುತ್ತದೆ ಎಂದು ಡಬ್ಲಿನ್‌ನ ಸಂಶೋಧಕರು 2010ರಲ್ಲಿ ತೋರಿಸಿದರು. ಆ ಜೀನಿಗೆ ಸಿ ಮತ್ತು ಟಿ ಎಂಬ ಎರಡು ರೂಪಗಳಿವೆ, ಮರಿಗೆ ಅಪ್ಪನಿಂದ ಒಂದು, ಅಮ್ಮನಿಂದ ಒಂದು ಪ್ರತಿ ಬರುತ್ತದೆ: ಸಿ ಪ್ರತಿ ಎರಡಿದ್ದರೆ ಚಿಕ್ಕ ಓಟ, ಟಿ ಪ್ರತಿ ಎರಡಿದ್ದರೆ ದೀರ್ಘ ಓಟ, ಒಂದೊಂದಿದ್ದರೆ ನಡುವಿನ ದೂರ. ಎರಡೂ ಸಿ ಇರುವ ತಾಯಿಗೆ ಎರಡೂ ಟಿ ಇರುವ ಅಪ್ಪನನ್ನು ತಂದರೆ ಎಲ್ಲ ಮರಿಗಳೂ ನಡುವಿನವೇ ಆಗುತ್ತವೆ. ಅದು ವೇಗವನ್ನು ಅಳೆಯುವ ಪರೀಕ್ಷೆಯಲ್ಲ, ದೂರವನ್ನು ಅಂದಾಜು ಮಾಡುವ ಪರೀಕ್ಷೆ ಎಂಬುದನ್ನು ಮರೆಯಬಾರದು. ಪರೀಕ್ಷೆ ಮಾಡಿಸಲು ಆಗದಿದ್ದರೆ ಗಂಡಿನ ಮರಿಗಳು ಯಾವ ದೂರದಲ್ಲಿ ಗೆದ್ದಿವೆ ಎಂದು ಒಂದು ಸಂಜೆ ಕೂತು ಎಣಿಸಿದರೂ ಸಾಕು.

ಗಂಡನ್ನು ಕಣ್ಣಾರೆ ನೋಡಲೇಬೇಕೆ? ಫೋಟೋ ಮತ್ತು ವಿಡಿಯೋ ಸಾಲದೆ?

ನೋಡಲೇಬೇಕು. ನೋಡಿಯೂ ನಾನು ತಪ್ಪಿದ ಕಥೆ ಹೇಳುತ್ತೇನೆ. ಮೊದಲ ಸಲ ಗಂಡು ನೋಡಲು ಹೋದ ಸ್ಟಡ್ ಫಾರ್ಮಿನಲ್ಲಿ ಬೆಳಗ್ಗೆ ಲಾಯದ ಮುಂದಿನ ಸಿಮೆಂಟ್ ಹಾದಿಯನ್ನು ಆಗಷ್ಟೇ ತೊಳೆದಿದ್ದರು. ಸೈಸ ಕುದುರೆಯನ್ನು ಒದ್ದೆ ನೆಲದಿಂದ ಒಣಗಿದ ಕಡೆಗೆ ನಡೆಸಿಕೊಂಡು ಬಂದ. ಒಣ ಸಿಮೆಂಟಿನ ಮೇಲೆ ಒಂದರ ಹಿಂದೊಂದು ಗೊರಸಿನ ಒದ್ದೆ ಗುರುತು ಬಿದ್ದವು, ಬಲ ಮುಂಗಾಲಿನ ಪ್ರತಿಯೊಂದು ಗುರುತೂ ಒಳಮುಖವಾಗಿ ತಿರುಗಿತ್ತು. ನಾನು ಅದನ್ನು ಕಂಡೆ. ಕಂಡರೂ ಆ ಕುದುರೆಯ ಕತ್ತು, ಕಣ್ಣು, ನಿಂತ ಠೀವಿಗೆ ಮರುಳಾಗಿ ಒಪ್ಪಿಕೊಂಡುಬಿಟ್ಟೆ. ನನ್ನ ಹೆಣ್ಣು ಕುದುರೆಗೂ ಅದೇ ಕಾಲು ಸ್ವಲ್ಪ ಒಳಗೆ ತಿರುಗಿತ್ತು. ಹುಟ್ಟಿದ ಮರಿಯ ಬಲಗಾಲು ಮೂರನೆಯ ತಿಂಗಳಿಗೆಲ್ಲ ಎದ್ದು ಕಾಣುವಷ್ಟು ಒಳಗೆ ಹೋಯಿತು. ಹದಿನೈದು ದಿನಕ್ಕೊಮ್ಮೆ ಗೊರಸು ಕತ್ತರಿಸಿ ತಿದ್ದಿದೆವು, ಅಲ್ಪಸ್ವಲ್ಪ ಸರಿಹೋಯಿತು, ಆದರೆ ಕೊಳ್ಳಲು ಬಂದವರು ಮೊದಲು ನೋಡಿದ್ದು ಅದನ್ನೇ. ಸ್ಟಡ್ ಫಾರ್ಮಿನವರು ನನ್ನಿಂದ ಏನನ್ನೂ ಮುಚ್ಚಿಟ್ಟಿರಲಿಲ್ಲ.

ಅಂದಿನಿಂದ ನಿಯಮ ಒಂದೇ: ಒಂದೇ ಕೊರತೆ ಎರಡೂ ಕಡೆ ಇರಬಾರದು. ಹೆಣ್ಣಿನ ಮೊಣಕಾಲು ಹಿಂದಕ್ಕೆ ಬಾಗಿದ್ದರೆ ಗಂಡಿನ ಮೊಣಕಾಲು ನೆಟ್ಟಗಿರಬೇಕು. ಹೆಣ್ಣಿನ ಗೊರಸಿನ ಮೇಲಿನ ಕೀಲು ಉದ್ದವಾಗಿ ಇಳಿಬಿದ್ದಿದ್ದರೆ ಗಂಡಿನದು ಗಟ್ಟಿಯಾಗಿ ನಿಂತಿರಬೇಕು. ಎರಡೂ ಕುದುರೆಗಳು ಓಡುವಾಗ ಗಂಟಲಿನಲ್ಲಿ ಸೀಟಿಯಂಥ ಸದ್ದು ಮಾಡುವ ಜಾತಿಯವಾದರೆ ಆ ಜೋಡಿಯನ್ನು ಬಿಟ್ಟೇಬಿಡಿ. ಗಂಟಲಿನ ಎಡಗಡೆಯ ನರ ಸೋಲುವ ಈ ತೊಂದರೆಗೆ ವಂಶದ ಎಳೆ ಇದೆ, ದೊಡ್ಡ ಮೈಯ ಕುದುರೆಗಳಲ್ಲಿ ಅದು ಹೆಚ್ಚು. ಮೇಲ್ದವಡೆ ಮುಂದೆ ಚಾಚಿ ಹಲ್ಲು ಕೂಡದ ಗಿಳಿಬಾಯಿಯನ್ನೂ ನೋಡಿ, ಬಾಯಿ ತೆರೆಸಿ ನೋಡಲು ಸಂಕೋಚ ಬೇಡ. ಸಾಧ್ಯವಿದ್ದರೆ ಗಂಡಿನ ಜೊತೆಗೆ ಅಲ್ಲೇ ಇರುವ ಅದರ ಮೂರು ನಾಲ್ಕು ಮರಿಗಳನ್ನೂ ನಡೆಸಿ ನೋಡಬೇಕು. ಅಪ್ಪನ ಕಾಲು ಚೆನ್ನಾಗಿದ್ದೂ ಮರಿಗಳೆಲ್ಲ ಒಂದೇ ಥರ ಸೊಟ್ಟ ಇದ್ದರೆ ಮರಿಗಳ ಮಾತನ್ನೇ ನಂಬಬೇಕು.

ನನ್ನ ಹೆಣ್ಣು ಕುದುರೆ ಗಿಡ್ಡ. ದೊಡ್ಡ ಗಂಡಿಗೆ ಕೂಡಿಸಿದರೆ ಈಯುವಾಗ ಕಷ್ಟವಾಗುವುದಿಲ್ಲವೆ?

ಹುಟ್ಟುವ ಮರಿಯ ಗಾತ್ರವನ್ನು ಬಹುಮಟ್ಟಿಗೆ ತಾಯಿಯ ಗರ್ಭವೇ ನಿರ್ಧರಿಸುತ್ತದೆ. ದೈತ್ಯ ಶೈರ್ ಕುದುರೆ ಮತ್ತು ಪುಟ್ಟ ಶೆಟ್ಲೆಂಡ್ ಕುದುರೆಗಳನ್ನು ಎರಡೂ ದಿಕ್ಕಿನಲ್ಲಿ ಕೂಡಿಸಿ ನೋಡಿದ ಕೇಂಬ್ರಿಡ್ಜ್‌ನ ಪ್ರಯೋಗ, ಅದರ ಫಲಿತಾಂಶ 1938ರಲ್ಲಿ ಪ್ರಕಟವಾಯಿತು, ಇದನ್ನೇ ತೋರಿಸಿತು: ಶೆಟ್ಲೆಂಡ್ ತಾಯಿಗೆ ಹುಟ್ಟಿದ ಮರಿ ತಾಯಿಗೆ ತಕ್ಕಷ್ಟೇ ಇತ್ತು. ಥರೋಬ್ರೆಡ್‌ಗಳ ನಡುವಿನ ಎರಡು ಮೂರು ಇಂಚಿನ ವ್ಯತ್ಯಾಸಕ್ಕೆ ಹೆದರಬೇಕಾಗಿಲ್ಲ.

ಬಣ್ಣ ಮತ್ತು ಸುಳಿ ನೋಡಬೇಕೆ?

ನಮ್ಮ ಕಡೆ ಎತ್ತು ಕೊಳ್ಳುವಾಗ ಸುಳಿ ನೋಡದೆ ಹಗ್ಗ ಹಿಡಿಯುವವರಿಲ್ಲ, ಹಾವೇರಿಯ ಹೋರಿ ಹಬ್ಬಕ್ಕೆ ಹೋರಿ ಕಟ್ಟುವವರಂತೂ ಸುಳಿಯ ಮೇಲೆ ಪ್ರಬಂಧ ಬರೆಯಬಲ್ಲರು. ಕುದುರೆಯ ಸುಳಿಯನ್ನು ಗುರುತಿನ ಪತ್ರದಲ್ಲಿ ಬರೆಯುತ್ತಾರೆ, ಅದರ ಉಪಯೋಗ ಅಷ್ಟೇ. ಬಣ್ಣದ ವಿಷಯದಲ್ಲಿ ಎರಡು ಮಾತು ಖಚಿತ: ಅಪ್ಪ ಅಮ್ಮ ಇಬ್ಬರಲ್ಲಿ ಒಂದಾದರೂ ಬೂದು ಬಣ್ಣದ್ದಾಗಿರದೆ ಬೂದು ಮರಿ ಹುಟ್ಟುವುದಿಲ್ಲ, ಇಬ್ಬರೂ ಚೆಸ್ಟ್‌ನಟ್ ಆದರೆ ಮರಿಯೂ ಚೆಸ್ಟ್‌ನಟ್ಟೇ.

ನಮ್ಮೂರಿನ ಒಳ್ಳೆಯ ಗಂಡು ಕುದುರೆಗೆ ಕೂಡಿಸಬಾರದೇಕೆ? ಎಮ್ಮೆ ಹಸುಗಳಿಗೆ ಮಾಡುವ ಹಾಗೆ ಇಂಜೆಕ್ಷನ್ ಮಾಡಿಸಬಾರದೇಕೆ?

ಎರಡಕ್ಕೂ ಒಂದೇ ಉತ್ತರ. ಅಪ್ಪ ಅಮ್ಮ ಇಬ್ಬರೂ ಸ್ಟಡ್ ಬುಕ್ಕಿನಲ್ಲಿ ನೋಂದಾಯಿತ ಥರೋಬ್ರೆಡ್‌ಗಳಾಗಿರಬೇಕು, ಕೂಡುವಿಕೆ ನೈಸರ್ಗಿಕವಾಗಿಯೇ ನಡೆದಿರಬೇಕು. ಕೃತಕ ಗರ್ಭಧಾರಣೆಯಿಂದ ಹುಟ್ಟಿದ ಮರಿಯನ್ನು ಥರೋಬ್ರೆಡ್ ಎಂದು ಜಗತ್ತಿನ ಯಾವ ಸ್ಟಡ್ ಬುಕ್ಕೂ ದಾಖಲಿಸುವುದಿಲ್ಲ. ನಮ್ಮ ದೇಶದಲ್ಲಿ ಈ ದಾಖಲೆ ಪುಣೆಯ ಸ್ಟಡ್ ಬುಕ್ ಅಥಾರಿಟಿ ಆಫ್ ಇಂಡಿಯಾದ ಕೈಯಲ್ಲಿದೆ, ಮರಿಯ ಹುಟ್ಟನ್ನು ಡಿಎನ್‌ಎ ಮೂಲಕ ತಾಳೆ ನೋಡಲಾಗುತ್ತದೆ. ದಾಖಲಾಗದ ಮರಿಗೆ ಬೆಂಗಳೂರು, ಮೈಸೂರು, ಪುಣೆ, ಮುಂಬೈ ಯಾವ ಟರ್ಫಿನಲ್ಲೂ ಓಡಲು ಜಾಗವಿಲ್ಲ.

ಹುಬ್ಬಳ್ಳಿಯಿಂದ ಯಾವ ಕಡೆಗೆ ಕಳುಹಿಸುವುದು ಅನುಕೂಲ?

ಈ ಒಂದು ವಿಷಯದಲ್ಲಿ ನಮ್ಮ ಊರಿನ ಅದೃಷ್ಟ ದೊಡ್ಡದು. ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಹುಬ್ಬಳ್ಳಿ ಬಹುತೇಕ ಪುಣೆಗೂ ಬೆಂಗಳೂರಿಗೂ ನಟ್ಟನಡುವೆ ಇದೆ. ಉತ್ತರಕ್ಕೆ ಬೆಳಗಾವಿ, ನಿಪ್ಪಾಣಿ, ಕೊಲ್ಲಾಪುರ, ಸಾತಾರಾ ದಾಟಿದರೆ ಪುಣೆ. ಅಲ್ಲಿ 1946ರಿಂದ ನಡೆದು ಬಂದಿರುವ ಪೂನಾವಾಲಾ ಸ್ಟಡ್ ಫಾರ್ಮ್, ಮಂಜರಿ ಸ್ಟಡ್ ಫಾರ್ಮ್ ಮೊದಲಾದವು ಇವೆ. ದಕ್ಷಿಣಕ್ಕೆ ಹಾವೇರಿ, ದಾವಣಗೆರೆ, ಚಿತ್ರದುರ್ಗ, ತುಮಕೂರು ದಾಟಿ ಹೋದರೆ ಟಿಪ್ಪು ಸುಲ್ತಾನನ ಕಾಲದಿಂದ ಕುದುರೆಗೆ ಹೆಸರಾದ ಕುಣಿಗಲ್. ಎರಡು ಕಡೆಗೂ ಸುಮಾರು 400 ಕಿಲೋಮೀಟರಿನ ಆಸುಪಾಸು. ಪಂಜಾಬ್, ಹರಿಯಾಣಗಳ ಸ್ಟಡ್ ಫಾರ್ಮುಗಳಲ್ಲಿ ಎಷ್ಟೇ ಅಗ್ಗದ ಒಳ್ಳೆಯ ಗಂಡು ಇದ್ದರೂ, 1,500 ಕಿಲೋಮೀಟರಿಗೂ ಮೀರಿದ ದಾರಿಯ ಲಾರಿ ಬಾಡಿಗೆಯೂ ಕುದುರೆಯ ಆಯಾಸವೂ ಆ ಅಗ್ಗವನ್ನು ತಿಂದುಹಾಕುತ್ತವೆ.

ಲಾರಿಯಲ್ಲಿ ಕುದುರೆಯ ತಲೆಯನ್ನು ಎತ್ತರಕ್ಕೆ ಬಿಗಿದು ಕಟ್ಟಿ ಗಂಟೆಗಟ್ಟಲೆ ಒಯ್ಯಬಾರದು. ತಲೆ ತಗ್ಗಿಸಲು ಆಗದಿದ್ದರೆ ಶ್ವಾಸನಾಳದ ಕಸ ಹೊರಬರುವುದಿಲ್ಲ, ಊರು ಮುಟ್ಟಿದ ಎರಡು ದಿನಕ್ಕೆ ಜ್ವರ ಮತ್ತು ಕೆಮ್ಮು ಶುರುವಾಗುತ್ತದೆ. ಮಾರ್ಚ್ ಏಪ್ರಿಲ್‌ನಲ್ಲಾದರೆ ರಾತ್ರಿ ಹೊರಟು, ಮೂರು ನಾಲ್ಕು ಗಂಟೆಗೊಮ್ಮೆ ನಿಲ್ಲಿಸಿ ನೀರು ಕುಡಿಸಬೇಕು. ಗಬ್ಬ ನಿಂತ ಮೇಲೆ ವಾಪಸು ತರಲು ಅವಸರ ಮಾಡದೆ, 45ನೆಯ ದಿನದ ಸ್ಕ್ಯಾನಿಂಗ್ ಮುಗಿದ ಮೇಲೆ ತರುವುದು ನನ್ನ ರೂಢಿ.

ಯಾವ ತಿಂಗಳಲ್ಲಿ ಕೂಡಿಸಬೇಕು?

ಥರೋಬ್ರೆಡ್‌ಗೆ ನಮ್ಮಲ್ಲಿ ವಯಸ್ಸು ಎಣಿಸುವುದು ಜನವರಿ 1ರಿಂದ. ಡಿಸೆಂಬರ್ 30ಕ್ಕೆ ಹುಟ್ಟಿದ ಮರಿಗೆ ಎರಡೇ ದಿನದಲ್ಲಿ ಕಾಗದದ ಮೇಲೆ ಒಂದು ವರ್ಷ ತುಂಬುತ್ತದೆ. ಗಬ್ಬದ ಅವಧಿ ಸುಮಾರು 340 ದಿನ, ಆದ್ದರಿಂದ ಫೆಬ್ರವರಿ ನಡುವಿನಿಂದ ಏಪ್ರಿಲ್ ಒಳಗೆ ಗಬ್ಬ ನಿಂತರೆ ಒಳ್ಳೆಯದು. ಜೂನ್‌ನಲ್ಲಿ ನಿಂತರೆ ಮೇ ತಿಂಗಳ ಬಿಸಿಲಿಗೆ ಈಯುತ್ತದೆ, ಆ ಮರಿ ತನ್ನ ಓರಗೆಯವುಗಳಿಗಿಂತ ಮೂರು ನಾಲ್ಕು ತಿಂಗಳು ಚಿಕ್ಕದಾಗಿ ಹರಾಜಿನಲ್ಲಿ ನಿಲ್ಲುತ್ತದೆ.

ಹೆಣ್ಣು ಕುದುರೆ ಸುಮಾರು 21 ದಿನಕ್ಕೊಮ್ಮೆ ಬೆದೆಗೆ ಬಂದು ಐದರಿಂದ ಏಳು ದಿನ ಇರುತ್ತದೆ, ಅಂಡ ಬಿಡುಗಡೆಯಾಗುವುದು ಬೆದೆಯ ಕೊನೆಯ ಒಂದೆರಡು ದಿನಗಳಲ್ಲಿ. ದಿನದ ಬೆಳಕು ಹೆಚ್ಚಿದಂತೆ ಬೆದೆ ಕ್ರಮಕ್ಕೆ ಬರುತ್ತದೆ. ಯುರೋಪಿನಲ್ಲಿ ಇದಕ್ಕಾಗಿ ಡಿಸೆಂಬರ್‌ನಿಂದಲೇ ದೀಪ ಹಚ್ಚಿ 16 ಗಂಟೆಯ ಬೆಳಕು ಕೊಡುತ್ತಾರೆ. ನಮ್ಮಲ್ಲಿ ಚಳಿಗಾಲದ ಹಗಲೂ ಹನ್ನೊಂದು ಗಂಟೆಗೆ ಕಡಿಮೆಯಿಲ್ಲ, ಆದರೂ ಜನವರಿಯಲ್ಲಿ ಬೆದೆ ಸರಿಯಾಗಿ ಕಾಣದ ಕುದುರೆಗೆ ಎರಡು ತಿಂಗಳು ಮೊದಲೇ ಲಾಯದಲ್ಲಿ ರಾತ್ರಿ ಹತ್ತೂವರೆ ಹನ್ನೊಂದರವರೆಗೆ ಬಲ್ಬು ಉರಿಸಿದರೆ ಉಪಯೋಗವಾಗುತ್ತದೆ. ಆ ಖರ್ಚು ಒಂದು ಬೆದೆ ತಪ್ಪಿಸಿಕೊಂಡರೆ ಆಗುವ ಸ್ಟಡ್ ಫಾರ್ಮಿನ ಮೂರು ವಾರದ ಬಿಲ್ಲಿಗಿಂತ ಎಷ್ಟೋ ಕಡಿಮೆ.

ಕಳುಹಿಸುವ ಮೊದಲು ಯಾವ ಪರೀಕ್ಷೆಗಳಾಗಬೇಕು?

ಗರ್ಭಕೋಶದ ಸ್ವಾಬ್ ತೆಗೆಸಿ ಸೋಂಕಿಲ್ಲವೆಂದು ಖಚಿತ ಮಾಡಿಕೊಳ್ಳಿ. ಸೋಂಕಿದ್ದ ಕುದುರೆಯನ್ನು ಎಷ್ಟು ದುಬಾರಿ ಗಂಡಿಗೆ ಕೂಡಿಸಿದರೂ ಗಬ್ಬ ನಿಲ್ಲುವುದಿಲ್ಲ. ಗ್ಲ್ಯಾಂಡರ್ಸ್ ಮತ್ತು ರಕ್ತಹೀನತೆಯ ವೈರಸ್ ರೋಗದ ರಕ್ತಪರೀಕ್ಷೆಯ ವರದಿ ಸ್ಟಡ್ ಫಾರ್ಮಿನವರೂ ಕೇಳುತ್ತಾರೆ, ಗಡಿ ದಾಟುವಾಗಲೂ ಬೇಕಾಗುತ್ತದೆ. ಗ್ಲ್ಯಾಂಡರ್ಸ್ ಮನುಷ್ಯರಿಗೂ ತಗಲುವ ರೋಗ, ಹಿಸಾರ್‌ನ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರ ಅದರ ಪರೀಕ್ಷೆಗೆ ದೇಶದಲ್ಲಿ ಮುಖ್ಯ ಕೇಂದ್ರ. ಮಾದರಿ ಕಳುಹಿಸಿ ವರದಿ ಬರುವುದಕ್ಕೆ ಸಮಯ ಬೇಕು, ಆದ್ದರಿಂದ ಜನವರಿಯಲ್ಲೇ ಕೆಲಸ ಶುರುವಾಗಲಿ. ನಮ್ಮ ತಾಲ್ಲೂಕಿನ ಪಶು ಡಾಕ್ಟರಿಗೆ ದನದ ಅನುಭವ ಜಾಸ್ತಿ, ಕುದುರೆಯದು ಕಡಿಮೆ ಇರುವುದು ಸಹಜ. ಗದುಗಿನಲ್ಲಿ ಪಶುವೈದ್ಯಕೀಯ ಕಾಲೇಜು ಇದೆ, ಕುದುರೆಯ ಕೆಲಸ ಬಲ್ಲವರು ಯಾರೆಂದು ಅಲ್ಲಿ ವಿಚಾರಿಸಬಹುದು.

ಹಿಂದೆ ನಿಮ್ಮ ಕುದುರೆಯ ಮರಿ ಹಾಲು ಕುಡಿದ ಒಂದೆರಡು ದಿನದಲ್ಲಿ ಕಾಮಾಲೆಯಾಗಿ ಸತ್ತಿದ್ದರೆ ಆ ಮಾತನ್ನು ಮುಚ್ಚಿಡಬೇಡಿ. ಅಪ್ಪನ ರಕ್ತದ ಗುಂಪು ತಾಯಿಗೆ ಹೊಂದದಿದ್ದಾಗ ತಾಯಿಯ ಗಿಣ್ಣುಹಾಲೇ ಮರಿಗೆ ವಿಷವಾಗುತ್ತದೆ. ಅಂಥ ತಾಯಿಗೆ ಗಂಡು ಆರಿಸುವಾಗ ವಂಶಾವಳಿಗಿಂತ ಮೊದಲು ರಕ್ತದ ಗುಂಪು ನೋಡಬೇಕು.

ಕೂಡಿಸಿದ ಮೇಲೆ ಎರಡನೆಯ ವಾರದ ಕೊನೆಗೆ, ಅಂದರೆ 14ರಿಂದ 16ನೆಯ ದಿನದೊಳಗೆ, ಸ್ಕ್ಯಾನಿಂಗ್ ತಪ್ಪಿಸಬೇಡಿ. ಅವಳಿ ಇದ್ದರೆ ಒಂದನ್ನು ತೆಗೆಯಲು ಅದೇ ತಕ್ಕ ಸಮಯ. ಕುದುರೆಗೆ ಅವಳಿ ಗಬ್ಬ ಎಂದರೆ ಹೆಚ್ಚಾಗಿ ಎರಡನ್ನೂ ಕಳೆದುಕೊಳ್ಳುವುದು.

ಗಬ್ಬದ ಕುದುರೆಯನ್ನು ನಮ್ಮ ಜೋಳದ ಊರಿನಲ್ಲಿ ಸಾಕಬಹುದೆ?

ಸಾಕಬಹುದು, ಆದರೆ ಹಸಿ ಜೋಳದ ಹೊಲಕ್ಕೆ ಬಿಡಬಾರದು. ಎಳೆಯ, ಅಥವಾ ಮಳೆ ಕೈಕೊಟ್ಟು ಬಾಡಿದ ಜೋಳದಲ್ಲಿ ಸೈನೈಡ್ ವಿಷ ಇರುವುದು ದನ ಕಾಯುವ ಹುಡುಗರಿಗೂ ಗೊತ್ತು. ಕುದುರೆಗೆ ಇನ್ನೊಂದು ಕೇಡು ಇದೆ: ಹಸಿ ಜೋಳವನ್ನು ದಿನಗಟ್ಟಲೆ ಮೇಯ್ದ ಕುದುರೆಯ ಹಿಂಗಾಲು ಓಲಾಡುತ್ತವೆ, ಮೂತ್ರ ಹಿಡಿತ ತಪ್ಪುತ್ತದೆ, ಗಬ್ಬದ್ದಾದರೆ ಕಂದು ಹಾಕಬಹುದು ಅಥವಾ ಕೀಲು ಸೆಟೆದ ಮರಿ ಹುಟ್ಟಬಹುದು. ಒಣ ಕಣಿಕೆಯಲ್ಲಿ ಆ ಅಪಾಯ ಕಡಿಮೆ, ಆದರೂ ಅದೇ ಮುಖ್ಯ ಮೇವಾಗಬಾರದು. ಒಣ ಹುಲ್ಲು, ಹಿಡಿಹಿಡಿಯಾಗಿ ಕುದುರೆ ಮಸಾಲೆ ಸೊಪ್ಪು, ಬೇಯಿಸಿದ ಹುರಳಿ, ಓಟ್ಸ್ ಇವು ಸಾಕು. ಬೂಷ್ಟು ಹಿಡಿದ ಶೇಂಗಾ ಹಿಂಡಿಯನ್ನು ಎಮ್ಮೆಗೆ ಹಾಕುವುದಿಲ್ಲ ಎಂದು ಕುದುರೆಗೆ ಹಾಕುವವರನ್ನು ಕಂಡಿದ್ದೇನೆ, ದಯವಿಟ್ಟು ಹಾಗೆ ಮಾಡಬೇಡಿ. ಐದು, ಏಳು, ಒಂಬತ್ತನೆಯ ತಿಂಗಳಿಗೆ, ಗಬ್ಬ ಕಳಚಿಸುವ ಹರ್ಪಿಸ್ ವೈರಸ್ಸಿನ ವಿರುದ್ಧ ಲಸಿಕೆ ಕೊಡಿಸಬೇಕು. ಮಳೆಗಾಲದಲ್ಲಿ ಕಚ್ಚುವ ದೊಡ್ಡ ನೊಣಗಳಿಂದ ಸುರ್ರಾ ರೋಗ ಹರಡುತ್ತದೆ, ಜ್ವರ ಬಂದು ಬಂದು ಹೋಗುತ್ತಿದ್ದರೆ ರಕ್ತ ಪರೀಕ್ಷೆ ಮಾಡಿಸಿ.

ಮರಿಯನ್ನು ಮಾರಲೋ, ನಾನೇ ಓಡಿಸಲೋ ಎಂಬುದನ್ನು ಹುಟ್ಟಿದ ಮೇಲೆ ತೀರ್ಮಾನಿಸಬಹುದಲ್ಲ?

ತೀರ್ಮಾನ ಗಂಡು ಆರಿಸುವ ದಿನವೇ ಆಗಿರಬೇಕು. ಮಾರುವುದಾದರೆ ಹರಾಜಿನ ಪುಸ್ತಕದಲ್ಲಿ ಓದುವವರಿಗೆ ಪರಿಚಿತವಾದ ಅಪ್ಪ ಬೇಕು, ಮರಿ ಬೇಗ ಬೆಳೆದು ತುಂಬಿ ಕಾಣಬೇಕು. ನಾವೇ ಓಡಿಸುವುದಾದರೆ ಹೆಸರಿನ ಹಂಗಿಲ್ಲ, ತಡವಾಗಿ ಬೆಳೆದರೂ ಗಟ್ಟಿ ಕಾಲಿನ ಮರಿ ಕೊಡುವ ಗಂಡು ಸಾಕು. ಓಡಿಸುವವನಿಗೆ ಎರಡು ವರ್ಷದ ನಂತರ ಟ್ರೇನಿಂಗ್ ಬಿಲ್ಲು ತಿಂಗಳು ತಿಂಗಳೂ ಬರುತ್ತದೆ ಎಂಬುದನ್ನು ಮಾತ್ರ ಮೊದಲ ಲೆಕ್ಕದಲ್ಲೇ ಬರೆದುಕೊಳ್ಳಬೇಕು.

ಮೊದಲ ಮರಿ ಚೆನ್ನಾಗಿ ಹುಟ್ಟಿದರೆ ಮುಂದಿನ ವರ್ಷವೂ ಅದೇ ಗಂಡಿಗೆ ಕೂಡಿಸಬೇಕೆ?

ಮರಿ ಕಣ್ಣಿಗೆ ಚೆನ್ನಾಗಿದ್ದು ತಾಯಿಯ ಕೊರತೆ ಅದರಲ್ಲಿ ಕಾಣದಿದ್ದರೆ ನಾನು ಮತ್ತೆ ಅದೇ ಗಂಡಿಗೆ ಕಳುಹಿಸುತ್ತೇನೆ. ಫಾರ್ಮಿನವರು ಎರಡನೆಯ ಸಲಕ್ಕೆ ಫೀಯಲ್ಲಿ ಸ್ವಲ್ಪ ಬಿಡುವುದೂ ಉಂಟು, ಕೇಳಲು ನಾಚಬಾರದು. ಈಯ್ದ ಏಳೆಂಟು ದಿನಕ್ಕೇ ಬರುವ ಮೊದಲ ಬೆದೆಯಲ್ಲಿ ಕೂಡಿಸುವುದು ಬೇಡ, ಗರ್ಭಕೋಶ ತಿಳಿಯಾಗಲು ಇನ್ನೊಂದು ಬೆದೆ ಕಾಯುವುದು ಲೇಸು. ಸದ್ಯ ನನ್ನ ದೊಡ್ಡ ಕುದುರೆ ಒಂಬತ್ತನೆಯ ತಿಂಗಳಿನಲ್ಲಿದೆ. ಈ ಸಲ ಆರಿಸಿದ ಗಂಡು ನೋಡಲು ಏನೂ ಅಲ್ಲ, ಕತ್ತು ಗಿಡ್ಡ, ತಲೆ ದಪ್ಪ. ನಡೆಸಿ ನೋಡಲು ಹೋದ ದಿನ ನಾನೇ ಹಾದಿಗೆ ಸುಣ್ಣದ ಪುಡಿ ಚೆಲ್ಲಿಸಿದ್ದೆ. ನಾಲ್ಕೂ ಗೊರಸಿನ ಗುರುತು ಎಳೆದ ಗೆರೆಯಂತೆ ನೇರ ಬಿದ್ದಿದ್ದವು.